ವಂದನಾರ್ಪಣೆಯಿಂದ ಆರಂಭವಾದ ಶೃಂಗಸಭೆ: ನನ್ನ ಅನುಭವ

ಪದವಿ ತರಗತಿಗೆ ರಾಜ್ಯಶಾಸ್ತ್ರ ಹೇಳಿಕೊಡುವವರಿಗೆ ಸಾರ್ಕ್, ಅಂದರೆ ದಕ್ಷಿಣ ಏಷ್ಯಾದ ಎಂಟು ದೇಶಗಳ ಸಹಕಾರ ಸಂಘಟನೆಯ ಪಾಠದ ಗತಿ ಏನೆಂಬುದನ್ನು ನಾನು ವಿವರಿಸಬೇಕಾಗಿಲ್ಲ. ಸ್ಥಾಪನೆ 1985, ಢಾಕಾ, ಸಚಿವಾಲಯ ಕಠ್ಮಂಡು, ಉದ್ದೇಶ, ಸಾಧನೆ, ವೈಫಲ್ಯ, ಐದು ಅಂಕಕ್ಕೊಂದು, ಹತ್ತು ಅಂಕಕ್ಕೊಂದು ಪ್ರಶ್ನೆ. ಈ ಪಾಠವನ್ನು ವಿದ್ಯಾರ್ಥಿಗಳಿಂದಲೇ, ಒಂದೊಂದು ಗುಂಪು ಒಂದೊಂದು ದೇಶದ ನಿಯೋಗವಾಗಿ, ಮಾದರಿ ಶೃಂಗಸಭೆಯಂತೆ ಆಡಿಸಿ ಕಲಿಸಬೇಕು, ಅದೂ ಪೂರ್ತಿ ಕನ್ನಡದಲ್ಲಿ, ಎಂದು ನಾನು ಹೊರಟಾಗ ನಮ್ಮ ವಿಭಾಗದ ಹಿರಿಯರೊಬ್ಬರು, ಮಾದರಿ ಅಧಿವೇಶನಗಳೆಲ್ಲ ಕೋಟು ಹಾಕಿಕೊಂಡು ಇಂಗ್ಲಿಷ್ ಮಾತನಾಡುವ ಮಕ್ಕಳ ಆಟ, ನಮ್ಮ ತಾಲ್ಲೂಕಿಗೆ ಒಗ್ಗುವುದಲ್ಲ, ಸಭೆಯ ಕೊನೆಯಲ್ಲಿ ಎಲ್ಲರೂ ಒಪ್ಪಿ ಹೊರಡಿಸುವ ಘೋಷಣೆಯನ್ನು ಕನ್ನಡದಲ್ಲಿ ಬರೆಸಿದರೆ ಅದು ಮದುವೆಯ ಕರೆಯೋಲೆಯಂತೆ ಓದಿಸಿಕೊಳ್ಳುತ್ತದೆ ಎಂದು ನಕ್ಕಿದ್ದರು. ಆರು ಪ್ರಯತ್ನಗಳಾದವು. ಆರನೆಯದರಲ್ಲಿ, ಕಳೆದ ಫೆಬ್ರವರಿಯಲ್ಲಿ, ಹದಿನಾಲ್ಕು ಕಂಡಿಕೆಗಳ ಘೋಷಣೆಗೆ ಎಂಟೂ ನಿಯೋಗಗಳು ಸಂಜೆ ನಾಲ್ಕೂವರೆಯೊಳಗೆ ಸಹಿ ಹಾಕಿದವು. ಸಹೋದ್ಯೋಗಿಗಳು ಕೇಳುತ್ತಲೇ ಇರುವುದರಿಂದ, ಹೇಗೆ ಮಾಡಿದೆ ಎಂಬುದನ್ನು ನೆನಪಿದ್ದಷ್ಟು ಬರೆಯುತ್ತಿದ್ದೇನೆ. ಲೆಕ್ಕಗಳು ಅಂದಾಜಿನವು, ರಸೀದಿಗಳಲ್ಲಿ ಅರ್ಧ ಎಂದೋ ಕಳೆದುಹೋಗಿವೆ.

ಮೊದಲ ವರ್ಷ, ಅಂದರೆ 2018ರಲ್ಲಿ, ನಾನು ಮಾಡಿದ ತಪ್ಪು ದೊಡ್ಡದು. ಮಾದರಿ ವಿಶ್ವಸಂಸ್ಥೆಯ ನಿಯಮಗಳನ್ನು ಇದ್ದಂತೆಯೇ ತಂದು ಮತಕ್ಕೆ ಹಾಕಿಸಿದೆ. ವೀಸಾ ಸಡಿಲಿಕೆಯ ಗೊತ್ತುವಳಿ ಐದಕ್ಕೆ ಮೂರರಂತೆ ಗೆದ್ದಿತು. ಸೋತ ಮೂರು ದೇಶಗಳು ಎದ್ದು ಕ್ಯಾಂಟೀನಿಗೆ ಹೋದವು, ಮತ್ತೆ ಬರಲಿಲ್ಲ. ಆಗ ಅದೇ ಹಿರಿಯರು, ಇದು ಸಾರ್ಕ್ ಅಲ್ಲ, ಪಂಚಾಯಿತಿ ಉಪಾಧ್ಯಕ್ಷರ ಚುನಾವಣೆ ಎಂದರು. ಅವರು ಹೇಳಿದ್ದು ಸರಿಯಾಗಿತ್ತು. ಸಾರ್ಕ್ ಸನ್ನದಿನ ಹತ್ತನೆಯ ವಿಧಿಯ ಪ್ರಕಾರ ಎಲ್ಲ ಹಂತದ ನಿರ್ಧಾರಗಳೂ ಸರ್ವಾನುಮತದಿಂದಲೇ ಆಗಬೇಕು, ದ್ವಿಪಕ್ಷೀಯ ಹಾಗೂ ವಿವಾದಾತ್ಮಕ ವಿಷಯಗಳು ಚರ್ಚೆಗೆ ಬರಬಾರದು. ಈ ಎರಡು ವಾಕ್ಯಗಳನ್ನು ನಾನು ಹನ್ನೊಂದು ವರ್ಷ ಬೋರ್ಡಿನ ಮೇಲೆ ಬರೆದಿದ್ದೆ, ಆದರೆ ಸಭೆ ನಡೆಸುವಾಗ ಒಂದನ್ನೂ ಪಾಲಿಸಿರಲಿಲ್ಲ.

ಎರಡನೆಯ ವರ್ಷ ಎರಡನ್ನೂ ಕಟ್ಟುನಿಟ್ಟಾಗಿ ಪಾಲಿಸಿದೆ, ಆಗ ಆದದ್ದು ಇನ್ನೂ ಕೆಟ್ಟದಾಗಿತ್ತು. ಹತ್ತು ನಿಮಿಷದೊಳಗೆ ಕಾಶ್ಮೀರ ಬಂತು, ಅಧ್ಯಕ್ಷಪೀಠ ತಡೆಯಿತು. ಗಂಗಾ ನದಿಯ ನೀರು ಬಂತು, ಅದನ್ನೂ ತಡೆಯಿತು. ಮಧ್ಯಾಹ್ನ ಮೂರೂವರೆಯಾದರೂ ಹಾಳೆಯ ಮೇಲೆ ಒಂದು ಸಾಲೂ ಉಳಿದಿರಲಿಲ್ಲ. ಬಿ.ಎ. ಎರಡನೆಯ ವರ್ಷದ ಹುಡುಗಿಯೊಬ್ಬಳು ಎದ್ದುನಿಂತು, "ಜಗಳ ಆಡುವುದಕ್ಕೂ ಅವಕಾಶವಿಲ್ಲ, ಒಬ್ಬರು ಬೇಡವೆಂದರೆ ಒಪ್ಪಂದಕ್ಕೂ ಅವಕಾಶವಿಲ್ಲ ಎಂದಮೇಲೆ ಇವರೆಲ್ಲ ಸೇರುವುದಾದರೂ ಯಾಕೆ, ಮೇಡಂ?" ಎಂದು ಕೇಳಿದಳು. ಆ ದಿನ ನನ್ನ ಬಳಿ ಉತ್ತರವಿರಲಿಲ್ಲ. ಆ ಹುಡುಗಿಯನ್ನು ಮುಂದಿನ ವರ್ಷ ಮಹಾಕಾರ್ಯದರ್ಶಿ ಮಾಡಿದೆ.

ಮೂರನೆಯ ಪ್ರಯತ್ನಕ್ಕೆ ಮೊದಲು ನಾನು ಕುಳಿತು ಓದಿದ್ದು ನಾಯಕರ ಭಾಷಣಗಳನ್ನಲ್ಲ, ಶೃಂಗಸಭೆಗೆ ಮುಂಚಿನ ದಿನಗಳ ವೇಳಾಪಟ್ಟಿಗಳನ್ನು. ಕೆಳಗಿನಿಂದ ಕಾರ್ಯಕ್ರಮ ಸಮಿತಿ, ಅದರ ಮೇಲೆ ವಿದೇಶಾಂಗ ಕಾರ್ಯದರ್ಶಿಗಳ ಸ್ಥಾಯಿ ಸಮಿತಿ, ಅದರ ಮೇಲೆ ವಿದೇಶಾಂಗ ಸಚಿವರ ಮಂಡಳಿ, ಕೊನೆಗೆ ರಾಷ್ಟ್ರ ಅಥವಾ ಸರ್ಕಾರದ ಮುಖ್ಯಸ್ಥರು. ಕರಡು ಈ ಮೆಟ್ಟಿಲುಗಳನ್ನು ಒಂದೊಂದಾಗಿ ಹತ್ತುತ್ತದೆ. ಒಪ್ಪಿಗೆಯಾಗದ ಪದಗಳು ಚೌಕ ಆವರಣದೊಳಗೆ ಕುಳಿತು ಮೇಲಿನ ಹಂತಕ್ಕೆ ಹೋಗುತ್ತವೆ. ನಾನು ಮೂರು ದಿನದ ಮೆಟ್ಟಿಲು ಕಟ್ಟಿದೆ: ಸೋಮವಾರ ಮೊದಲ ವರ್ಷದವರು ಕಾರ್ಯಕ್ರಮ ಸಮಿತಿ, ಮಂಗಳವಾರ ಎರಡನೆಯ ವರ್ಷದವರು ಸ್ಥಾಯಿ ಸಮಿತಿ, ಬುಧವಾರ ಬೆಳಿಗ್ಗೆ ಅಂತಿಮ ವರ್ಷದವರು ಸಚಿವರು, ಮಧ್ಯಾಹ್ನ ನಾಯಕರು. ಆವರಣದೊಳಗಿನ ಪದಗಳನ್ನು ಕೆಂಪು ಶಾಯಿಯಲ್ಲಿ ಬರೆಯಬೇಕು ಎಂಬುದೊಂದೇ ನಿಯಮ. ಸೋಮವಾರ ಸಂಜೆಗೆ ಹಾಳೆಯೆಲ್ಲ ಕೆಂಪಾಗಿತ್ತು, ಬುಧವಾರ ಬೆಳಿಗ್ಗೆ ಒಂಬತ್ತು ಜಾಗದಲ್ಲಿ ಮಾತ್ರ ಕೆಂಪು ಉಳಿದಿತ್ತು. ಅದನ್ನು ಕಂಡು ನನಗಾದ ಸಂತೋಷ ಸಣ್ಣದಲ್ಲ. ಆದರೆ ಆ ಒಂಬತ್ತು ಜಾಗ ಕೊನೆಯವರೆಗೂ ಕರಗಲಿಲ್ಲ. 2020ರ ಫೆಬ್ರವರಿ ಅದು. ಮುಂದಿನ ತಿಂಗಳೇ ಎಲ್ಲ ಮುಚ್ಚಿತು. ಮಾರ್ಚ್ 15ರಂದು ಸಾರ್ಕ್ ನಾಯಕರು ವಿಡಿಯೊ ಮೂಲಕ ಸೇರಿ ಕೋವಿಡ್ ತುರ್ತುನಿಧಿಯ ಮಾತನಾಡಿದ್ದನ್ನು ನಮ್ಮ ಹುಡುಗರು ಮನೆಯಲ್ಲಿ ಕುಳಿತು ನೋಡಿ, "ಇವರಿಗೆ ಆವರಣವೇ ಇಲ್ಲವಲ್ಲ ಮೇಡಂ" ಎಂದು ಸಂದೇಶ ಕಳುಹಿಸಿದ್ದರು.

ಖರ್ಚಿನ ವಿಷಯ. ಮೊದಲ ವರ್ಷ ಶಾಮಿಯಾನಕ್ಕೆ ಮೂರೂವರೆ ಸಾವಿರ, ನೂರಿಪ್ಪತ್ತು ಊಟಕ್ಕೆ ತಲಾ ಅರುವತ್ತರಂತೆ ಏಳು ಸಾವಿರದ ಇನ್ನೂರು, ಮೈಕಿಗೆ ಸಾವಿರದ ಇನ್ನೂರು, ಬಾವುಟಗಳಿಗೆ ಎರಡು ಸಾವಿರದ ಎಂಟುನೂರು. ಒಟ್ಟು ಹದಿನೈದು ಸಾವಿರದ ಹತ್ತಿರ. ಕಾಲೇಜಿನಿಂದ ಮಂಜೂರಾದದ್ದು ಐದು ಸಾವಿರ, ಅದು ಕೈಗೆ ಬಂದದ್ದು ಎರಡು ವರ್ಷದ ನಂತರ. ಉಳಿದದ್ದು ನನ್ನ ಸಂಬಳದಿಂದ ಹೋಯಿತು, ಮನೆಯಲ್ಲಿ ಇಂದಿಗೂ ಅದರ ಪ್ರಸ್ತಾಪ ಬರುತ್ತದೆ. ಬಾವುಟಗಳ ಕಥೆಯನ್ನು ಪ್ರತ್ಯೇಕವಾಗಿ ಹೇಳಲೇಬೇಕು. ನೇಪಾಳದ ಬಾವುಟ ಒಂದರ ಮೇಲೊಂದು ಇಟ್ಟ ಎರಡು ತ್ರಿಕೋನಗಳ ಆಕಾರದ್ದು. ನಮ್ಮ ಪೇಟೆಬೀದಿಯ ದರ್ಜಿ, ಯಾರೋ ಬಟ್ಟೆಯನ್ನು ತಪ್ಪಾಗಿ ಕತ್ತರಿಸಿ ಕೊಟ್ಟಿದ್ದಾರೆಂದು ಮರುಕಪಟ್ಟು, ತನ್ನ ಬಳಿಯಿದ್ದ ಬಿಳಿಯ ತುಂಡನ್ನು ಜೋಡಿಸಿ, ಅಂಚು ಮಡಚಿ ಹೊಲಿದು, ಆಯತಾಕಾರಕ್ಕೆ ತಂದು, ಹೆಚ್ಚುವರಿ ಕೂಲಿಯನ್ನೂ ಕೇಳದೆ ಕೊಟ್ಟುಬಿಟ್ಟ. ಉದ್ಘಾಟನೆಯ ದಿನ ಬೆಳಿಗ್ಗೆ ನೇಪಾಳ ನಿಯೋಗದ ನಾಲ್ವರು ಮೆಟ್ಟಿಲ ಮೇಲೆ ಕುಳಿತು ಬ್ಲೇಡಿನಿಂದ ಆ ಹೊಲಿಗೆ ಬಿಚ್ಚುತ್ತಿದ್ದುದು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಆಸನದ ಕ್ರಮವೂ ಒಂದು ತಲೆನೋವಾಯಿತು. ಸಾರ್ಕ್‌ನಲ್ಲಿ ಬಹುತೇಕ ಎಲ್ಲವೂ ದೇಶದ ಹೆಸರಿನ ಇಂಗ್ಲಿಷ್ ಅಕಾರಾದಿಯಂತೆ ನಡೆಯುತ್ತದೆ. ಮಹಾಕಾರ್ಯದರ್ಶಿಯ ಸರದಿಯೂ ಹಾಗೆಯೇ. ಆದರೂ ಮೊದಲ ಸುತ್ತಿನಲ್ಲಿ ಬಾಂಗ್ಲಾದೇಶದ ಅಬುಲ್ ಅಹಸನ್ ಅವರ ನಂತರ ಬಂದವರು ಭಾರತದ ಕಾಂತ್ ಕಿಶೋರ್ ಭಾರ್ಗವ, ಭೂತಾನಿನ ಸರದಿ ಬಂದದ್ದು ಎರಡನೆಯ ಸುತ್ತಿನಲ್ಲಿ. ನಾವು ಕನ್ನಡ ವರ್ಣಮಾಲೆಯನ್ನು ಹಿಡಿದೆವು: ಅಫ್ಘಾನಿಸ್ತಾನ, ನೇಪಾಳ, ಪಾಕಿಸ್ತಾನ, ಬಾಂಗ್ಲಾದೇಶ, ಭಾರತ, ಭೂತಾನ್, ಮಾಲ್ಡೀವ್ಸ್, ಶ್ರೀಲಂಕಾ. ಇಂಗ್ಲಿಷ್ ಸಾಲಿನಲ್ಲಿ ದೂರ ಕೂರುವ ಪಾಕಿಸ್ತಾನ ಮತ್ತು ಬಾಂಗ್ಲಾದೇಶ ಇಲ್ಲಿ ಪಕ್ಕಪಕ್ಕಕ್ಕೆ ಬಂದವು. ಅದರಿಂದ ಕರಡಿನ ಮೇಲೆ ಆದ ಪರಿಣಾಮವನ್ನು ನಾನು ಎರಡು ವರ್ಷ ಗಮನಿಸಿದ್ದೇನೆ, ಅದನ್ನು ಬೇರೆಯಾಗಿಯೇ ಬರೆಯುವ ಆಸೆಯಿದೆ. 2023ರಲ್ಲಿ ಅಫ್ಘಾನಿಸ್ತಾನದ ಕುರ್ಚಿಯ ಪ್ರಶ್ನೆ ಎದ್ದಿತು. 2021ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಸೇರಬೇಕಿದ್ದ ವಿದೇಶಾಂಗ ಸಚಿವರ ಸಭೆಯೇ ಆ ಕುರ್ಚಿಯಲ್ಲಿ ಯಾರು ಕೂರಬೇಕೆಂಬ ಭಿನ್ನಾಭಿಪ್ರಾಯದಿಂದ ರದ್ದಾಗಿತ್ತು. ನಾವು ಒಂದು ವರ್ಷ ಖಾಲಿ ಕುರ್ಚಿ ಇಟ್ಟು ನೋಡಿದೆವು. ಖಾಲಿ ಕುರ್ಚಿ ಸಹಿ ಹಾಕುವುದಿಲ್ಲ, ಆದ್ದರಿಂದ ಸರ್ವಾನುಮತವೂ ಆಗಲಿಲ್ಲ. ನಂತರದ ವರ್ಷದಿಂದ ಇದು ತರಗತಿಯ ಅಭ್ಯಾಸವೆಂದು ಮೊದಲೇ ಬರೆದುಕೊಂಡು ಎಂಟೂ ಕುರ್ಚಿ ತುಂಬಿಸಿದೆವು.

ಇನ್ನು ನನ್ನ ವಿಧಾನದ ಮುಖ್ಯ ಭಾಗಕ್ಕೆ ಬರುತ್ತೇನೆ. ನಮ್ಮ ಕಡೆಯ ಯಾವ ಸಮಾರಂಭದಲ್ಲಾದರೂ ವಂದನಾರ್ಪಣೆ ಎಂದರೆ ಜನ ಚಪ್ಪಲಿ ಹುಡುಕುವ ಹೊತ್ತು. ಸಂಘಟಕರಲ್ಲೊಬ್ಬರು ಚೀಟಿ ಹಿಡಿದು ಅತಿಥಿಗಳಿಗೆ, ಅಧ್ಯಕ್ಷರಿಗೆ, ಪೆಂಡಾಲಿನವರಿಗೆ, ಧ್ವನಿವರ್ಧಕದವರಿಗೆ ವಂದಿಸುತ್ತಾರೆ. ನಮ್ಮ ವಿದ್ಯಾರ್ಥಿಗಳು ಮೂರು ವರ್ಷವೂ ಇದನ್ನೇ ಮಾಡಿದರು: ಆತಿಥೇಯ ದೇಶದವರೇ ಎದ್ದು ಬಂದವರಿಗೆಲ್ಲ ವಂದನೆ ಹೇಳಿದರು. ಸಾರ್ಕ್ ಘೋಷಣೆಗಳ ಕೊನೆಯ ಕಂಡಿಕೆಗಳಲ್ಲಿ ಇರುವುದು ಇದಕ್ಕೆ ತೀರ ಉಲ್ಟಾ. ಅಲ್ಲಿ ವಂದಿಸುವವರು ಬಂದ ಅತಿಥಿಗಳು. ಆತಿಥೇಯ ದೇಶದ ನಾಯಕರು ಅಧ್ಯಕ್ಷರಾಗಿ ಸಭೆ ನಡೆಸಿದ ರೀತಿಗೆ ಮೆಚ್ಚುಗೆ, ಅಲ್ಲಿನ ಸರ್ಕಾರಕ್ಕೂ ಜನತೆಗೂ ಆತಿಥ್ಯಕ್ಕಾಗಿ ಮತ್ತು ವ್ಯವಸ್ಥೆಗಾಗಿ ಕೃತಜ್ಞತೆ. ಅದರ ಆಸುಪಾಸಿನಲ್ಲೇ ಮುಂದಿನ ಸಭೆಯನ್ನು ಕರೆಯಲು ಮುಂದೆ ಬಂದ ದೇಶದ ಆಹ್ವಾನದ ಸ್ವೀಕಾರವೂ ಇರುತ್ತದೆ. ಇದು ಭಾಷಣವಲ್ಲ, ಘೋಷಣೆಯ ಭಾಗ. ಆದ್ದರಿಂದ ಇದಕ್ಕೂ ಸರ್ವಾನುಮತ ಬೇಕು.

ಇದು ಹೊಳೆದ ಮೇಲೆ ನಾನು ಮೆಟ್ಟಿಲನ್ನು ತಲೆಕೆಳಗು ಮಾಡಿದೆ. ಸೋಮವಾರ ಬೆಳಿಗ್ಗೆ ಕಾರ್ಯಕ್ರಮ ಸಮಿತಿಯ ಮೊದಲ ಕೆಲಸವೇ ಕೊನೆಯ ಕಂಡಿಕೆಯ ಕರಡು. ಆತಿಥೇಯ ನಿಯೋಗ ಆ ಹೊತ್ತಿನಲ್ಲಿ ಕೊಠಡಿಯಿಂದ ಹೊರಗಿರಬೇಕು. ತನ್ನ ಹೊಗಳಿಕೆಯನ್ನು ತಾನೇ ಬರೆಯುವಂತಿಲ್ಲ. ಏಳು ನಿಯೋಗಗಳು ಒಂದು ವಾಕ್ಯಕ್ಕೆ ಒಪ್ಪಿ ಹಾಳೆಯ ಮೇಲೆ ಮೊದಲ ಸಲ ಕಪ್ಪು ಶಾಯಿ ಬಿದ್ದಮೇಲೆ, ನೀರು, ವಿದ್ಯುತ್, ವೀಸಾಗಳ ಚರ್ಚೆಯಲ್ಲಿ ಅವರ ಧ್ವನಿಯೇ ಬದಲಾಗುತ್ತದೆ. ಆತಿಥೇಯರಿಗೂ ಅದೊಂದು ಋಣವಾಗುತ್ತದೆ: ಹೊಗಳಿಕೆ ಆಗಲೇ ಹಾಳೆಯ ಮೇಲಿದೆ, ಅದನ್ನು ಬುಧವಾರದವರೆಗೆ ಉಳಿಸಿಕೊಳ್ಳಬೇಕು. ಕಳೆದ ವರ್ಷದ ಮುಂಚಿನ ವರ್ಷ ಉಳಿಸಿಕೊಳ್ಳಲಾಗಲಿಲ್ಲ. ಅಂದು ಕರೆಂಟು ಹೋಗಿ, ಗ್ಯಾಸ್ ಮುಗಿದು, ಊಟ ಮೂರು ಗಂಟೆಗೆ ಬಂತು. ಮಾಲ್ಡೀವ್ಸ್ ನಿಯೋಗದ ಹುಡುಗ, ತುಂಬ ಸಂಕೋಚದವನು, ಅಲ್ಲಿಯವರೆಗೆ ಬಾಯಿ ಬಿಟ್ಟಿರಲಿಲ್ಲ, ಎದ್ದುನಿಂತು 'ಅತ್ಯುತ್ತಮ ವ್ಯವಸ್ಥೆ' ಎಂಬ ಪದಕ್ಕೆ ತನ್ನ ದೇಶದ ಒಪ್ಪಿಗೆಯಿಲ್ಲ ಎಂದ. ನಲವತ್ತು ನಿಮಿಷ ಚರ್ಚೆ ನಡೆಯಿತು. 'ಉತ್ತಮ' ಎಂದರೆ ಅವಮಾನ ಎಂದು ಆತಿಥೇಯರು, 'ಅತ್ಯುತ್ತಮ' ಎಂದರೆ ಸುಳ್ಳು ಎಂದು ಮಾಲ್ಡೀವ್ಸ್. ಕೊನೆಗೆ ಭೂತಾನ್ 'ಪರಿಶ್ರಮಪೂರ್ವಕವಾದ ವ್ಯವಸ್ಥೆ' ಎಂಬ ಪದ ಕೊಟ್ಟಿತು, ಎಲ್ಲರೂ ಚಪ್ಪಾಳೆ ತಟ್ಟಿದರು. ಸರ್ವಾನುಮತ ಎಂದರೇನು ಎಂಬುದನ್ನು ನಾನು ಹನ್ನೊಂದು ವರ್ಷ ಬೋರ್ಡಿನ ಮೇಲೆ ಕಲಿಸಿದ್ದಕ್ಕಿಂತ ಚೆನ್ನಾಗಿ ಆ ನಲವತ್ತು ನಿಮಿಷ ಕಲಿಸಿತು ಎಂದು ಎದೆತಟ್ಟಿ ಹೇಳಬಲ್ಲೆ.

ಮುಂದಿನ ಆತಿಥೇಯರ ಸಾಲು ಎಷ್ಟು ಭಾರದ್ದು ಎಂಬುದಕ್ಕೆ ಉದಾಹರಣೆ ಹುಡುಕಿಕೊಂಡು ಹೋಗಬೇಕಾಗಿಲ್ಲ. 2014ರ ನವೆಂಬರ್‌ನಲ್ಲಿ ಕಠ್ಮಂಡುವಿನ ಹದಿನೆಂಟನೆಯ ಶೃಂಗಸಭೆ ಮುಂದಿನ ಸಭೆಗೆ ಪಾಕಿಸ್ತಾನದ ಆಹ್ವಾನವನ್ನು ಸ್ವೀಕರಿಸಿತು. 2016ರ ಸೆಪ್ಟೆಂಬರ್‌ನಲ್ಲಿ ಉರಿ ದಾಳಿಯಾಯಿತು. ಭಾರತ ಇಸ್ಲಾಮಾಬಾದಿಗೆ ಬರುವುದಿಲ್ಲ ಎಂದಿತು, ಬಾಂಗ್ಲಾದೇಶ, ಭೂತಾನ್, ಅಫ್ಘಾನಿಸ್ತಾನಗಳೂ ಹಾಗೆಯೇ ಹೇಳಿದವು. ಒಬ್ಬರು ಬರದಿದ್ದರೂ ಸಭೆಯಿಲ್ಲ. ಆಮೇಲೆ ಶೃಂಗಸಭೆಯೇ ಸೇರಿಲ್ಲ. ಅಧ್ಯಕ್ಷಸ್ಥಾನವನ್ನು ಹಸ್ತಾಂತರಿಸಲು ಸಭೆಯಿಲ್ಲದ ಕಾರಣ ಅದು ನೇಪಾಳದ ಬಳಿಯೇ ಉಳಿದಿದೆ. ಇದು ಹೊಸದೇನೂ ಅಲ್ಲ. 1989ರಲ್ಲಿ ಕೊಲಂಬೊದಲ್ಲಿ ಆಗಬೇಕಿದ್ದುದು ಆಗದೆ 1990ರಲ್ಲಿ ಮಾಲೆಗೆ ಹೋಯಿತು, 1999ರದು ತಪ್ಪಿ 2002ರ ಜನವರಿಯಲ್ಲಿ ಕಠ್ಮಂಡುವಿನಲ್ಲಿ ಸೇರಿತು, 2005ರ ಢಾಕಾ ಸಭೆ ಎರಡು ಸಲ ಮುಂದೂಡಿಕೆಯಾಗಿ ನವೆಂಬರ್‌ನಲ್ಲಿ ನಡೆಯಿತು. ಆದ್ದರಿಂದ ನಮ್ಮಲ್ಲಿ, ಮುಂದಿನ ವರ್ಷ ಯಾವ ಕಾಲೇಜು ಕರೆಯುತ್ತದೆ ಎಂಬುದು ಲಿಖಿತವಾಗಿ, ಪ್ರಾಂಶುಪಾಲರ ಸಹಿಯೊಂದಿಗೆ ಬಂದ ಮೇಲೆಯೇ ಆ ಸಾಲನ್ನು ಕರಡಿಗೆ ಸೇರಿಸುತ್ತೇವೆ. ಬಾಯಿಮಾತಿನ ಆಹ್ವಾನವನ್ನು ನಂಬಿ ಒಂದು ವರ್ಷ ಕೆಟ್ಟಿದ್ದೇನೆ. ಆ ಕಾಲೇಜಿನ ಹೆಸರು ಇಲ್ಲಿ ಬೇಡ.

ಉಳಿದ ಒಂಬತ್ತು ಕೆಂಪು ಜಾಗಗಳಿಗೆ ಮದ್ದು ಸಿಕ್ಕಿದ್ದು ನಾಯಕರ ಏಕಾಂತ ಕೂಟದಲ್ಲಿ. ಅಧಿಕಾರಿಗಳಿಲ್ಲದೆ, ನಡಾವಳಿ ಬರೆಯದೆ ನಾಯಕರಷ್ಟೇ ಕೂಡುವ ಪದ್ಧತಿ ಅದು. ವಿವಾದದ ಮಾತು ಸಭೆಯಲ್ಲಿ ಬರುವಂತಿಲ್ಲ ಎಂದಮೇಲೆ ಅದು ಹೋಗುವುದು ಅಲ್ಲಿಗೇ. 2014ರಲ್ಲಿ ರೈಲ್ವೆ, ಮೋಟಾರು ವಾಹನ ಮತ್ತು ವಿದ್ಯುತ್ ಒಪ್ಪಂದಗಳು ಪಾಕಿಸ್ತಾನ ಕಾಲಾವಕಾಶ ಕೇಳಿದ್ದರಿಂದ ನಿಂತುಹೋದವು, ಮೂರೂ ಹೋಯಿತು ಎನ್ನುವಷ್ಟರಲ್ಲಿ ನಾಯಕರು ಏಕಾಂತ ಕೂಟಕ್ಕೆಂದು ಕಠ್ಮಂಡು ಬಳಿಯ ಧುಲಿಖೇಲ್‌ಗೆ ಹೋಗಿಬಂದರು, ಕೊನೆಯ ದಿನ ವಿದ್ಯುತ್ ಸಹಕಾರದ ಒಪ್ಪಂದವೊಂದಕ್ಕೆ ಸಹಿಯಾಯಿತು. ಎರಡನೆಯ ವರ್ಷದ ಆ ಹುಡುಗಿಯ ಪ್ರಶ್ನೆಗೆ ನಾನು ಕೊಡಬೇಕಾಗಿದ್ದ ಉತ್ತರ ಇದು.

1986ರ ನವೆಂಬರ್ 16 ಮತ್ತು 17ರಂದು ಎರಡನೆಯ ಶೃಂಗಸಭೆ ಬೆಂಗಳೂರಿನಲ್ಲೇ ನಡೆದದ್ದು, ಕಠ್ಮಂಡುವಿನಲ್ಲಿ ಸಚಿವಾಲಯ ಸ್ಥಾಪಿಸುವ ಒಡಂಬಡಿಕೆಗೆ ಇಲ್ಲಿಯೇ ಸಹಿಯಾದದ್ದು ನಮಗೆಲ್ಲ ಗೊತ್ತಿರುವುದೇ. ಆ ಸಭೆಯ ನೆನಪಿನೊಂದಿಗೆ ನಂದಿಬೆಟ್ಟದ ಹೆಸರೂ ಸೇರಿಕೊಂಡಿರುವುದರಿಂದ, ನಾವೂ ಏಕಾಂತ ಕೂಟವನ್ನು ಬೆಟ್ಟದ ಮೇಲೇ ಮಾಡೋಣವೆಂದು ಒಂದು ಮಿನಿಬಸ್ಸು ಗೊತ್ತುಮಾಡಿದೆ. ಮೂರು ಸಾವಿರದ ಚಿಲ್ಲರೆ ಬಾಡಿಗೆ. ಶ್ರೀಲಂಕಾದ ಅಧ್ಯಕ್ಷರ ಕೈಚೀಲದಲ್ಲಿ ಬಾಳೆಹಣ್ಣಿತ್ತು, ಅದರಡಿಯಲ್ಲಿ ಕರಡು ಇತ್ತು. ಕೋತಿ ಎರಡನ್ನೂ ಒಯ್ದಿತು. ಮರುವರ್ಷದಿಂದ ಕಾಲೇಜಿನ ಹಿಂದಿನ ಹೊಂಗೆಮರದ ಕೆಳಗೆ ಎಂಟು ಕುರ್ಚಿ, ಒಂದು ತಟ್ಟೆ ಮಂಡಕ್ಕಿ, ಮುಕ್ಕಾಲು ಗಂಟೆ. ಖರ್ಚು ಎಂಬತ್ತು ರೂಪಾಯಿ. ಫೋನುಗಳನ್ನು ನಾನೇ ಇಟ್ಟುಕೊಳ್ಳುತ್ತೇನೆ. ಆ ಮುಕ್ಕಾಲು ಗಂಟೆಗೆ ಮುಂಚೆ ಅಧ್ಯಕ್ಷಪೀಠದವರಿಗೆ ನಾನು ಒಂದು ಚೀಟಿ ಕೊಡುತ್ತೇನೆ. ಅದರಲ್ಲಿ ಏನು ಬರೆದಿರುತ್ತದೆ ಎಂಬುದನ್ನು ಮಾತ್ರ ಇಲ್ಲಿ ಹೇಳುವುದಿಲ್ಲ. ಆರು ವರ್ಷ ಕೈಸುಟ್ಟುಕೊಂಡು ಕಲಿತದ್ದು, ಅಷ್ಟು ಗುಟ್ಟು ನನ್ನ ಬಳಿಯಿರಲಿ.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಕರಡನ್ನು ವಾಟ್ಸ್ಆ್ಯಪ್ ಗುಂಪಿನಲ್ಲಿ ತಿದ್ದಿಸಲು ಹೋಗಿ ಒಂದೇ ರಾತ್ರಿಗೆ ಹದಿನೇಳು ಆವೃತ್ತಿಗಳಾದವು, ಯಾವುದು ಕೊನೆಯದೆಂದು ಯಾರಿಗೂ ತಿಳಿಯಲಿಲ್ಲ, ಕಾಗದವೇ ವಾಸಿ. 2022ರ ಮಾರ್ಚ್‌ನ ಕೊಲಂಬೊ ಸಭೆಯಲ್ಲಿ, ಬಂಗಾಳ ಕೊಲ್ಲಿ ಪ್ರದೇಶದ ದೇಶಗಳ ಕೂಟವಾದ ಬಿಮ್‌ಸ್ಟೆಕ್ ತನ್ನ ಸನ್ನದಿಗೆ ಸಹಿ ಹಾಕಿದ ಮೇಲೆ, ಅದರ ಏಳು ದೇಶಗಳನ್ನಿಟ್ಟು ಒಂದು ದಿನದ ಸಭೆ ನಡೆಸಿದೆ. ಪಾಕಿಸ್ತಾನವಿಲ್ಲದ ಕಾರಣ ಎಲ್ಲವೂ ಬೇಗ ಮುಗಿಯುತ್ತದೆಂದು ಹುಡುಗರು ಬಾಜಿ ಕಟ್ಟಿದ್ದರು. ಮ್ಯಾನ್ಮಾರ್ ಮತ್ತು ಬಾಂಗ್ಲಾದೇಶ ರೋಹಿಂಗ್ಯಾ ವಿಷಯಕ್ಕೆ ನಿಂತದ್ದು ನಿಂತೇ ಇದ್ದವು, ಬಾಜಿ ಕಟ್ಟಿದವರು ಸೋತರು. ಆಗ್ನೇಯ ಏಷ್ಯಾ ದೇಶಗಳ ಕೂಟವಾದ ಆಸಿಯಾನ್‌ನಂತೆ, ಆರ್ಥಿಕ ವಿಷಯಗಳಲ್ಲಿ ಸಿದ್ಧವಿರುವ ದೇಶಗಳು ಮೊದಲು ಹೋಗಲಿ, ಉಳಿದವು ಆಮೇಲೆ ಸೇರಲಿ ಎಂಬ ಸೂತ್ರವನ್ನು ಸಾರ್ಕ್ ಸಭೆಗೆ ಹಾಕಿ ನೋಡಿದಾಗ ಕೆಲಸವೇನೋ ಆಯಿತು. 2015ರ ಜೂನ್‌ನಲ್ಲಿ ಬಾಂಗ್ಲಾದೇಶ, ಭೂತಾನ್, ಭಾರತ, ನೇಪಾಳಗಳು ಥಿಂಪುವಿನಲ್ಲಿ ಪ್ರತ್ಯೇಕವಾಗಿ ವಾಹನ ಒಪ್ಪಂದ ಮಾಡಿಕೊಂಡದ್ದೂ ಅದೇ ದಾರಿಯಲ್ಲಿ. ಆದರೆ ನಮ್ಮಲ್ಲಿ ಹೊರಗುಳಿದ ನಿಯೋಗಗಳು ಕೃತಜ್ಞತೆಯ ಕಂಡಿಕೆಗೆ ಸಹಿ ಹಾಕಲು ಒಪ್ಪಲಿಲ್ಲ, ಆದ್ದರಿಂದ ಅದನ್ನು ಕೈಬಿಟ್ಟೆ.

ಕಳೆದ ಫೆಬ್ರವರಿಯ ಸಭೆಗೆ ಒಟ್ಟು ಒಂಬತ್ತು ಸಾವಿರದ ಆಸುಪಾಸು ಖರ್ಚಾಯಿತು. ಗ್ರಂಥಾಲಯದ ಸಭಾಂಗಣ ಸಿಕ್ಕಿದ್ದರಿಂದ ಶಾಮಿಯಾನ ಉಳಿಯಿತು, ಬಾವುಟಗಳು ಹಳೆಯವೇ, ಬಿಸಿಬೇಳೆಬಾತು ಮತ್ತು ಮೊಸರನ್ನವನ್ನು ಆತಿಥೇಯ ಕಾಲೇಜಿನವರೇ ಮಾಡಿಸಿದರು, ಬಸ್ಸಿನ ಖರ್ಚನ್ನು ಆಯಾ ನಿಯೋಗಗಳೇ ಹಾಕಿಕೊಂಡವು. ಊಟ ಒಂದೂಕಾಲಕ್ಕೇ ಬಂತು. ಹದಿನಾಲ್ಕನೆಯ ಕಂಡಿಕೆಯಲ್ಲಿ 'ಅತ್ಯುತ್ತಮ' ಉಳಿಯಿತು, ಜೊತೆಗೆ ಅಡುಗೆಯವರನ್ನೂ ಸೇರಿಸಬೇಕೆಂದು ನೇಪಾಳ ಸೂಚಿಸಿತು, ಎಂಟೂ ದೇಶಗಳು ಒಪ್ಪಿದವು.

ಮದುವೆಯ ಕರೆಯೋಲೆಯ ಮಾತನಾಡಿದ್ದ ಹಿರಿಯರು ಈಗ ವರ್ಗವಾಗಿ ಪಕ್ಕದ ತಾಲ್ಲೂಕಿನ ಕಾಲೇಜಿನಲ್ಲಿದ್ದಾರೆ. ಮುಂದಿನ ಸಭೆಯ ಲಿಖಿತ ಆಹ್ವಾನ ಬಂದಿರುವುದು ಆ ಕಾಲೇಜಿನಿಂದಲೇ. ಮೊನ್ನೆ ಫೋನು ಮಾಡಿ ಎಷ್ಟು ಕುರ್ಚಿ ಬೇಕು, ಊಟಕ್ಕೆ ಎಷ್ಟು ಜನ ಎಂದು ವಿಚಾರಿಸಿದರು, ಚೀಟಿಯ ಬಗ್ಗೆಯೂ ಕೇಳಿದರು. ಕುರ್ಚಿಯ ಲೆಕ್ಕ ಕೊಟ್ಟೆ. ಬಾವುಟಗಳ ಪೆಟ್ಟಿಗೆಯನ್ನು ಮುಂದಿನ ವಾರ ಬಸ್ಸಿಗೆ ಹಾಕಿ ಕಳುಹಿಸುತ್ತೇನೆ, ನೇಪಾಳದ್ದನ್ನು ಮಾತ್ರ ಯಾವ ದರ್ಜಿಯ ಕೈಗೂ ಕೊಡಬೇಡಿ ಸರ್ ಎಂದಿದ್ದೇನೆ.